ಕಂಪ್ಯೂಟರ್ ಕೈಕೊಟ್ಟ ವಾರದ ಊಟ

ಆಸ್ಪತ್ರೆಯ ಮೇಲಧಿಕಾರಿಗಳಿಗೆ ವಂದನೆಗಳು.

ಕಳ್ಳರು ನಿಮ್ಮ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿದ ವಾರ ರೋಗಿಗಳಿಗೆ ಏನೇನಾಯಿತೆಂದು ಕೇಳಿದ್ದೀರಿ. ಅಮ್ಮನ ಆಪರೇಷನ್ ಮುಂದಕ್ಕೆ ಹೋಯಿತು. ಹಲ್ಲು ಕಚ್ಚಿ ನೋವು ಸಹಿಸಿದರು. ಅದನ್ನು ಬರೆದುಕೊಳ್ಳಿ.

ಇದನ್ನೂ ಬರೆದುಕೊಳ್ಳಿ. ಯಾವ ಮಂಚಕ್ಕೆ ಯಾವ ಊಟವೆಂದು ತಿಳಿಯದೆ ಅಡುಗೆಯಮ್ಮ ತಾವೇ ವಾರ್ಡಿಗೆ ಬಂದು, "ಏನು ಸೇರುತ್ತೆ ನಿಮಗೆ?" ಎಂದು ಕೇಳಿದರು. ಆಸ್ಪತ್ರೆ ಸೇರಿದಾಗಿನಿಂದ ತುಟಿ ಬಿಚ್ಚದ, ತಟ್ಟೆ ಮುಟ್ಟದ ಅಮ್ಮ, "ಮೊದಲು ಬಿಸಿಯಾಗಿ ಕೊಡೋದು ಕಲಿ ತಾಯಿ, ಆಮೇಲೆ ಕೇಳುವಿಯಂತೆ!" ಎಂದು ಗದರಿದರು. ಆಮೇಲೆ ದಿನಾ ಇಬ್ಬರಿಗೂ ಜಗಳ. ದಿನಾ ತಟ್ಟೆ ಖಾಲಿ. ಆ ಅಡುಗೆಯ ತಾಯಿಗೆ ಎಷ್ಟು ಕೈಮುಗಿದರೂ ಸಾಲದು.

ಈಗ ಕಂಪ್ಯೂಟರ್ ಸರಿಹೋಗಿದೆ. ಊಟ ಹೊತ್ತಿಗೆ ಸರಿಯಾಗಿ, ಬಿಸಿಬಿಸಿಯಾಗಿ ಬರುತ್ತದೆ. ಅಮ್ಮ ಬಾಗಿಲನ್ನೇ ನೋಡುತ್ತಾರೆ.

ಆಪರೇಷನ್ ನಾಡಿದ್ದು. ನಾಳೆ ಒಮ್ಮೆ ಅಡುಗೆಯಮ್ಮನನ್ನು ಕಳಿಸಿಕೊಡಿ. ಊಟ ತಣ್ಣಗಿದ್ದರೆ ಇನ್ನೂ ಒಳ್ಳೆಯದು.

ನಿಮ್ಮ ಋಣದಲ್ಲಿರುವ,
ಕಿಟಕಿ ಪಕ್ಕದ ಮಂಚದವರ ಮಗಳು