ಒಂಬತ್ತೂವರೆಗೆ ಮೇಡಂ ಎಲ್ಲಿದ್ದರು?

ಶಾಲಾ ಆಡಳಿತ ಸುಧಾರಣೆಯ ಹೊಣೆ ಹೊತ್ತ ಮಾನ್ಯರೇ,

ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ತನುಜಾ ಮೇಡಂ ಅವರಿಗೆ ತಾವು ಕೊಟ್ಟಿರುವ ನೋಟಿಸನ್ನು ಹಿಂದಕ್ಕೆ ಪಡೆಯಬೇಕು. ಕರ್ತವ್ಯಲೋಪವಂತೆ. ಆ ಲೋಪವನ್ನು ಊರವರೆಲ್ಲ ದಿನಾ ಕಂಡಿದ್ದೇವೆ, ತಾವೂ ಕೇಳಿಸಿಕೊಳ್ಳಿ.

ಕಡೂರಿನಿಂದ ಬರುವ ಹೆದ್ದಾರಿ ನಮ್ಮೂರನ್ನು ಎರಡು ಹೋಳು ಮಾಡಿದೆ. ಶಾಲೆ ಈಚೆ, ತೋಟದ ಮನೆಗಳು ಆಚೆ. ಹೆತ್ತವರು ಬೆಳಕು ಹರಿಯುವಷ್ಟರಲ್ಲಿ ಕೂಲಿಗೋ ಹೊಲಕ್ಕೋ ಹೋಗಿರುತ್ತಾರೆ. ಹಾಗಾಗಿ ಮೇಡಂ ಬಸ್ಸಿಳಿದವರೇ ಮೊದಲು ಆಚೆ ಹೋಗಿ, ಮಲಗಿದವರನ್ನು ಎಬ್ಬಿಸಿ, ಮಕ್ಕಳನ್ನೆಲ್ಲ ರಸ್ತೆ ದಾಟಿಸಿಕೊಂಡು ಬರುತ್ತಿದ್ದರು. ಯಾವ ಸುತ್ತೋಲೆಯೂ ಹೇಳದ ಕೆಲಸ ಇದು. ಆಮೇಲೆ ತಮ್ಮ ಸುಧಾರಣೆ ಬಂತು: ಒಂಬತ್ತೂವರೆಯೊಳಗೆ ಶಾಲೆಯ ಆವರಣದಲ್ಲೇ ನಿಂತು ಮೊಬೈಲಿಗೆ ಮುಖ ತೋರಿಸಿ ಹಾಜರಿ ಹಾಕಬೇಕು. ಮೇಡಂಗೆ ದಿನಾ ತಡವಾಯಿತು.

ವಿಚಾರಣೆಗೆ ಬಂದ ಅಧಿಕಾರಿ ನಮ್ಮ ಅವ್ವ ಕರಿಬಸಮ್ಮನನ್ನು ಮಾತಾಡಿಸಿದರು. ಅವ್ವನಿಗೆ ಮೇಡಂ ಎಂದರೆ ಪ್ರಾಣ. ಯಾವುದೋ ಪ್ರಶಸ್ತಿಗೆ ಬರೆದುಕೊಳ್ಳುತ್ತಿದ್ದಾರೆ ಎಂದುಕೊಂಡು ಮನಸಾರೆ ಹೊಗಳಿದಳು: "ಒಂಬತ್ತೂವರೆಗೆ ಆಯಮ್ಮ ಸ್ಕೂಲಲ್ಲೆಲ್ಲಿರ್ತಾರೆ ಸ್ವಾಮಿ? ನಮ್ಮ ಜಗಲಿ ಮೇಲೆ ಕೂತು ಮೊಮ್ಮಗಳಿಗೆ ಜಡೆ ಹಾಕ್ತಿರ್ತಾರೆ ಕಣ್ರೀ." ಅಧಿಕಾರಿ ತಲೆಯಾಡಿಸಿ, ಅಷ್ಟನ್ನೇ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ನೋಟಿಸಿನಲ್ಲಿ ಅವ್ವನೇ ಸಾಕ್ಷಿ. ಹೊಗಳಿಕೆಯನ್ನು ದೂರು ಮಾಡುವ ಈ ವಿದ್ಯೆಯನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೆ? ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಅವ್ವ ಮಾತ್ರ ಅಂದಿನಿಂದ ಅವರೆದುರು ಬರುತ್ತಿಲ್ಲ.

ಈಗ ಮೇಡಂ ಸಮಯಕ್ಕೆ ಸರಿಯಾಗಿ ಶಾಲೆಯಲ್ಲಿರುತ್ತಾರೆ, ಆಚೆಯ ಮಕ್ಕಳು ಅರ್ಧಕ್ಕರ್ಧ ಇರುವುದಿಲ್ಲ. ಹಾಜರಾತಿ ಕುಸಿದಿದೆ, ಶಾಲೆಯನ್ನೇಕೆ ಬೇರೆ ಶಾಲೆಯೊಂದಿಗೆ ವಿಲೀನ ಮಾಡಬಾರದು ಎಂದು ತಮ್ಮ ಕಚೇರಿಯೇ ಕೇಳುತ್ತಿದೆ. ಕೈಕಾಲು ಕಟ್ಟಿಹಾಕಿ ಈಜು ಎಂದರೆ ಹೇಗೆ ಸ್ವಾಮಿ?

ಕಳೆದ ಸೋಮವಾರ ಎರಡನೇ ತರಗತಿಯ ನನ್ನ ಮಗಳು ಹೇಮಶ್ರೀ ಒಬ್ಬಳೇ ರಸ್ತೆಗಿಳಿದಳು. ನಾನು ತೋಟದಲ್ಲಿ ಕಾಯಿ ಸುಲಿಯುತ್ತಿದ್ದೆ. ಲಾರಿಯ ಬ್ರೇಕಿನ ಸದ್ದು ಕೇಳಿ ಓಡಿದಾಗ ಮಗು ಚಕ್ರದ ಮುಂದೆ ನಿಂತಿತ್ತು. "ಮೇಡಮ್ಮು ಕಾಯ್ತಿರ್ತಾರೆ ಅಂತ ಓಡ್ದೆ ಕಣಪ್ಪ" ಎಂದಳು. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ನೀವೇ ದಾಟಿಸಬಾರದೇ ಎಂದು ತಾವು ಕೇಳಬಹುದು. ನನ್ನ ಮಗಳನ್ನು ಈಗ ನಾನೇ ದಾಟಿಸುತ್ತೇನೆ. ಕೂಲಿಗೆ ಹೋದವರ ಮಕ್ಕಳನ್ನು ಯಾರು ದಾಟಿಸಬೇಕು?

ನೋಟಿಸು ರದ್ದಾಗಲಿ. ಮೇಡಂ ಹೆದ್ದಾರಿಯ ಅಂಚಿನಲ್ಲಿ ಮಕ್ಕಳ ಕೈ ಹಿಡಿದ ಗಳಿಗೆಯೇ ಅವರ ಹಾಜರಿ ಎಂದು ಆದೇಶವಾಗಲಿ. ಆಗದು ಎನ್ನುವುದಾದರೆ ನಾಳೆಯಿಂದ ಬೆಳಿಗ್ಗೆ ತಾವೇ ಬಂದು ಅಲ್ಲಿ ನಿಂತುಕೊಳ್ಳಿ. ಮಕ್ಕಳು ಯಾರ ಕೈಯನ್ನಾದರೂ ಹಿಡಿಯುತ್ತಾರೆ.

ಇಂತಿ,
ಇನ್ನು ಮುಂದೆ ಯಾವ ಒಳ್ಳೆಯವರನ್ನೂ ಅಧಿಕಾರಿಗಳೆದುರು ಹೊಗಳಬಾರದೆಂದು ಮನೆಮಂದಿಗೆ ಹೇಳಿಟ್ಟಿರುವ
ಬೆನಕಪ್ಪ, ಕಡೂರು ತಾಲ್ಲೂಕು