ಗರುಡನ ಪುಸ್ತಕ ಗೆದ್ದದ್ದು ಹೇಗೆ

ಹಾನಗಲ್
18 ಜುಲೈ 2024

ಪ್ರೀತಿಯ ಗುಲ್ನಾರ,

ನೀನೂ ನಿನ್ನ ಮನೆಮಂದಿಯೂ ಸುಖವಾಗಿರಿ. ಎಷ್ಟೇ ಸಿಟ್ಟಿದ್ದರೂ ಪತ್ರದಲ್ಲಿ ಮೊದಲು ಇದನ್ನು ಬರೆಯಬೇಕೆಂದು ನಮ್ಮವ್ವ ಕಲಿಸಿದ್ದಾಳೆ, ಅದಕ್ಕೇ ಬರೆದೆ. ಭಾನುವಾರ ಸಂಜೆಯೇ ಬರೆಯಲು ಕುಳಿತವಳು ಇವತ್ತು ಮುಗಿಸುತ್ತಿದ್ದೇನೆ. ತಡವಾದದ್ದಕ್ಕೆ ಬೇಜಾರಾಗಬೇಡ, ಪೆನ್ನು ಹಿಡಿದಾಗಲೆಲ್ಲ ಬರೀ ಬೈಗುಳವೇ ಮುಂದೆ ಬರುತ್ತಿತ್ತು. ಫೋನ್ ಮಾಡಬಹುದಿತ್ತು ನಿಜ. ಆದರೆ ಫೋನಿನಲ್ಲಿ ನೀನು ನಕ್ಕುಬಿಡುತ್ತೀ, ನಾನೂ ನಕ್ಕು, ಕೇಳಬೇಕಾದ್ದನ್ನು ಕೇಳದೆ ಇಟ್ಟುಬಿಡುತ್ತೇನೆ.

ಯುಗಾದಿಯಿಂದೀಚೆಗೆ ನನ್ನ ಒಂದು ಪತ್ರಕ್ಕೂ ನಿನ್ನ ಉತ್ತರವಿಲ್ಲ. ವಾಟ್ಸಾಪಿನಲ್ಲಿ ನಾನು ಉದ್ದಕ್ಕೆ ಬರೆದರೆ ನೀನು ಎರಡು ಮಾತನ್ನು ಧ್ವನಿಯಲ್ಲಿ ಕಳಿಸಿ ಕೈತೊಳೆದುಕೊಳ್ಳುತ್ತೀ. ಬರೆಯುವಷ್ಟು ಪುರುಸೊತ್ತೂ ನನಗಾಗಿ ಇಲ್ಲವೇ? ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ. ಹೊನ್ನವ್ವ ನಿನ್ನನ್ನು ನನ್ನಿಂದ ಕಿತ್ತುಕೊಂಡಳೋ, ನೀನೇ ಅವಳ ಕಡೆ ಹೋದೆಯೋ?

ಭಾನುವಾರ ನಮ್ಮ ಪಡಸಾಲೆಯಲ್ಲಿ ನೀನೂ ಇದ್ದೆ, ಆದರೂ ನನಗೆ ಕಂಡದ್ದನ್ನು ಹೇಳುತ್ತೇನೆ, ಕೇಳು. ಒಟ್ಟಿಗೆ ಶಿಕ್ಷಕಿಯರ ತರಬೇತಿ ಮುಗಿಸಿದ ನಾವು ನಾಲ್ವರು. ನೀನು ಸವಣೂರಿಗೆ, ಹೊನ್ನವ್ವ ಹಿರೇಬೆಂಡಿಗೇರಿಗೆ, ದಿಲ್ಶಾದ ಚಿಕ್ಕೇರೂರಿಗೆ ಸೊಸೆಯಾಗಿ ಹೋದಮೇಲೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ಪುಸ್ತಕಕ್ಕಾಗಿ ಜಗಳಾಡುತ್ತೇವೆ. ಓಣಿಯವರು ನಗಲಿ. ಆ ಜಗಳವಿಲ್ಲದಿದ್ದರೆ ನನಗೆ ತಿಂಗಳು ಮುಗಿದಂತೆಯೇ ಅನಿಸುವುದಿಲ್ಲ.

ನಮ್ಮ ನಿಯಮ ನಿನಗೆ ನೆನಪಿದೆಯಲ್ಲ? ಪುಸ್ತಕ ತಂದವಳು ಅದನ್ನು ಓದಬಾರದು, ಅವಳ ಎಡಕ್ಕೆ ಕುಳಿತವಳು ಮೊದಲ ಪುಟವನ್ನು ಗಟ್ಟಿಯಾಗಿ ಓದಬೇಕು. "ತಂದಾಕಿನ ಓದಿದ್ರ ಪ್ರೀತಿಲೆ ಓದತಾಳ, ಕೆಟ್ಟ ಪುಸ್ತಕಾನೂ ಚೊಲೊ ಕೇಳತೈತಿ" ಎಂದು ಈ ನಿಯಮ ಮಾಡಿದವಳು ನೀನೇ.

ಪುರಾಣದ ಕತೆಗಳಿಂದ ಹುಟ್ಟಿದ ಫ್ಯಾಂಟಸಿ ಕಾದಂಬರಿ ಓದೋಣ ಎಂದು ಕಳೆದ ಸಲವೇ ತೀರ್ಮಾನಿಸಿದ್ದೆವು. ದಿಲ್ಶಾದ ಪಾರಸಿ ಪುರಾಣದ ಕಾಫ್ ಪರ್ವತದ ಪರಿಯರ, ಅಂದರೆ ರೆಕ್ಕೆಯಿರುವ ಚೆಲುವೆಯರ, ಕತೆ ತಂದಳು. ನಾನು ವಿರಾಟನಗರದ ಕಾದಂಬರಿ ತಂದೆ. ಪಾಂಡವರು ವೇಷ ಮರೆಸಿಕೊಂಡಿದ್ದ ಊರು ನಮ್ಮ ಹಾನಗಲ್ಲೇ ಎಂದು ಕೇಳುತ್ತ ಬೆಳೆದವಳು ನಾನು. ಈ ಕಾದಂಬರಿಯಲ್ಲಿ ಆ ವೇಷಗಳಿಗೇ ಜೀವ ಬಂದು, ತೊಟ್ಟವರನ್ನು ಬಿಡಲೊಲ್ಲೆ ಎನ್ನುತ್ತವೆ. ಎಷ್ಟು ಆಸೆಯಿಂದ ತಂದಿದ್ದೆ ಗೊತ್ತೇ? ಚೀಲ ತುಂಬ ಪುಸ್ತಕ ಹೊತ್ತು ಬರುತ್ತಿದ್ದ ನೀನು ಮಾತ್ರ ಬರೀ ಸವಣೂರ ಖಾರಾ ತಿಂಡಿಯ ಪೊಟ್ಟಣ ಹಿಡಿದು ಬಂದೆ. ಆಗಲೇ ನನಗೆ ಸಂಶಯ ಬಂತು.

ನನ್ನ ಎಡಕ್ಕೆ ಕುಳಿತವಳು ನೀನು. ನೀನು ನನ್ನ ಪುಸ್ತಕವನ್ನು ಕೈಗೆ ತೆಗೆದುಕೊಂಡೆ, ಹೊದಿಕೆಯನ್ನು ಸವರಿದೆ, ಮತ್ತೆ "ಗಂಟಲಾ ಕಟ್ಟೇತಿ. ಹೊನ್ನವ್ವಾ, ನೀನ ಓದಬೇ" ಎಂದು ದಾಟಿಸಿಬಿಟ್ಟೆ. ಗಂಟಲು ಕಟ್ಟಿದವಳು ಸ್ವಲ್ಪ ಹೊತ್ತಿಗೇ ದಿಲ್ಶಾದಳ ಮಾತಿಗೆ ಪಕ್ಕದ ಮನೆಗೆ ಕೇಳುವಂತೆ ನಕ್ಕೆ! ಹೊನ್ನವ್ವನೋ, ನನ್ನ ಚೆಂದದ ಪುಟವನ್ನು ಹಾಜರಿ ಕೂಗುವಂತೆ ಓದಿದಳು. ಆಮೇಲೆ ಪುಸ್ತಕ ಹಿಡಿದು ಬಾಗಿಲಿಗೆ ಹೋದಳು, ಬೆಳಕಿಗೆ ಹಿಡಿದು ತಿರುವಿ ಹಾಕಿದಳು.

"ಇದು ಬ್ಯಾಡ" ಎಂದಳು.

"ಯಾಕ ಬ್ಯಾಡ?" ಎಂದೆ ನಾನು.

"ಬ್ಯಾಡಂದ್ರ ಬ್ಯಾಡ. ಎಲ್ಲಾದಕ್ಕೂ ಕಾರಣಾ ಇರತಾವೇನ?"

ದಿಲ್ಶಾದಳ ಪರಿಯರಿಗೂ ಬಾಗಿಲ ಬಳಿ ಅದೇ ಗತಿಯಾಯಿತು. ಕೊನೆಗೆ ಹೊನ್ನವ್ವನ ಚೀಲದಿಂದ ಹೊರಬಂದದ್ದು ಗರುಡನ ಪುಸ್ತಕ. ಕದ್ರು, ವಿನತೆ, ಅಮೃತದ ಕೊಡ, ಪುಟಪುಟಕ್ಕೂ ಚಿತ್ರ. ಆರನೇ ಇಯತ್ತೆಯ ಮಕ್ಕಳು ಓದುವಂಥದ್ದು! ಜೀವಮಾನವೆಲ್ಲ ಪಾಠ ಹೇಳಿದ ನಾವು ಇದನ್ನು ಓದಬೇಕಂತೆ. ಅದರ ಮೊದಲ ಪುಟವನ್ನು ಯಾರೂ ಓದುವ ಮೊದಲೇ ನೀನು "ಗರುಡನ್ನ ಓದೂಣು" ಎಂದೆ. ಜಗಳ ಕಂಡರಾಗದ ದಿಲ್ಶಾದಳೂ ಹೂಂ ಎಂದಳು. ನೀನೂ ಹೊನ್ನವ್ವನೂ ಮೊದಲೇ ಮಾತಾಡಿಕೊಂಡು ಬಂದಿದ್ದಿರಿ, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ನೀನು ಮರೆತುಹೋದ ಕೊಡೆ ಹಿಡಿದು ನಾನು ಬಸ್ ನಿಲ್ದಾಣಕ್ಕೆ ಓಡಿ ಬಂದೆ. ಹೊನ್ನವ್ವ ನಿನ್ನ ರಟ್ಟೆ ಹಿಡಿದು ಬಸ್ಸು ಹತ್ತಿಸುತ್ತಿದ್ದಳು. ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿದಳು. ನಾನು ಕಿಟಕಿಯ ಕೆಳಗೆ ನಿಂತು ಕೊಡೆ ಎತ್ತಿ ತೋರಿಸಿದೆ. ನೀನು ನೇರ ನನ್ನ ಮುಖವನ್ನೇ ನೋಡಿದೆ, ಗುಲ್ನಾರ. ನೋಡಿಯೂ ನಗಲಿಲ್ಲ. ಬಸ್ಸು ಹೋಯಿತು. ಕೊಡೆ ಹಿಡಿದುಕೊಂಡೇ ಮಳೆಯಲ್ಲಿ ನೆನೆದು ಮನೆಗೆ ಬಂದೆ.

ನಮ್ಮ ಯಜಮಾನರು ನಾಗಪ್ಪನವರು ನಗುತ್ತಾರೆ. "ನಿನಗ ಎಲ್ಲಾದರಾಗೂ ಸಂಶೇ. ಹಾಲಿನ್ಯಾಗ ನೀರ ಹುಡುಕತಿ, ನೀರ ಸಿಗಲಿಲ್ಲಂದ್ರ ಅದಕ್ಕೂ ಸಂಶೇ ಪಡತಿ" ಎನ್ನುತ್ತಾರೆ. ಅನ್ನಲಿ. ಹೊನ್ನವ್ವ ನನ್ನ ಮೇಲೆ ನಿನ್ನ ಕಿವಿಗೆ ಏನು ಊದಿದ್ದಾಳೆ, ಅಷ್ಟು ಹೇಳು. ನನ್ನದೇನಾದರೂ ತಪ್ಪಿದ್ದರೆ ಎದುರಿಗೇ ಬೈದುಬಿಡು. ಹೀಗೆ ಕಂಡೂ ಕಾಣದಂತೆ ಇರಬೇಡ, ಅದನ್ನು ತಡೆದುಕೊಳ್ಳಲು ನನ್ನಿಂದ ಆಗುವುದಿಲ್ಲ.

ನಿನ್ನ ಮಗ ಜಾವೇದನಿಗೆ ನನ್ನ ಆಶೀರ್ವಾದ. ದೇವರು ನಿನ್ನ ಮನೆಯನ್ನು ತಂಪಾಗಿಟ್ಟಿರಲಿ.

ಸಿಟ್ಟಿನಲ್ಲಿರುವ, ಆದರೂ ನಿನ್ನವಳೇ ಆದ
ಶೈಲಶ್ರೀ

ಮರೆತ ಮಾತು: 22 ಜುಲೈ.

ಲಕೋಟೆ ಅಂಟಿಸುವ ಮೊದಲೇ ಹೊನ್ನವ್ವ ಇವತ್ತು ಮನೆಗೆ ಬಂದಳು. ತಾಲ್ಲೂಕು ಕಚೇರಿಯಲ್ಲಿ ಅವಳಿಗೇನೋ ಕೆಲಸವಿತ್ತಂತೆ. ಚಹಾ ಕೊಟ್ಟು, ಅವಳು ಒಂದು ಗುಟುಕು ಕುಡಿಯುವುದಕ್ಕೂ ಬಿಡದೆ ಕೇಳಿದೆ: "ಗುಲ್ನಾರಗ ನನ್ನ ಮ್ಯಾಲ ಏನ ಹೇಳೀದಿ?"

ಅವಳು ಕಪ್ಪನ್ನು ಕೆಳಗಿಟ್ಟಳು. "ಆಣಿ ಮಾಡಿಸ್ಕೊಂಡಾಳ ನನ್ನ ಕಡಿಂದ. ಆದ್ರ ನಿನ್ನ ಈ ಮಾತ ಕೇಳಿ ಕೇಳಿ ಸಾಕಾತು. ಆಕಿಗೆ ಕಣ್ಣ ಹೊಂಟಾವಬೇ, ಶೈಲಾ."

ಎಲ್ಲವನ್ನೂ ಹೇಳಿದಳು. ಯುಗಾದಿಗೆ ಮುಂಚೆ ನಮ್ಮೂರ ನಿಲ್ದಾಣದಲ್ಲಿ ನೀನು ಯಾರೋ ಹೆಂಗಸೆಂದು ತಿಳಿದು "ಅವ್ವಾರ, ಸವಣೂರ ಬಸ್ಸ ಯಾವುದ್ರಿ?" ಎಂದು ಕೇಳಿದೆಯಂತೆ. ಎದುರಿಗೆ ನಿಂತಿದ್ದವಳು ಹೊನ್ನವ್ವ. ಹುಬ್ಬಳ್ಳಿಯ ಡಾಕ್ಟರು ಇನ್ನೇನೂ ಮಾಡಲಾಗದು ಎಂದರಂತೆ. ಬಾಗಿಲಿಗೆ ಹೋಗಿ ಅವಳು ನೋಡುತ್ತಿದ್ದದ್ದು ಅಕ್ಷರದ ಗಾತ್ರವನ್ನು. "ನಿನ್ನ ಪುಸ್ತಕದಾಗ ಅಕ್ಷರ ಎಳ್ಳಿನಷ್ಟ ಅದಾವ. ಗರುಡಂದು ದಪ್ಪ ಅಕ್ಷರ, ಬಿಸಿಲಿಗೆ ಹಿಡಿದ್ರ ಆಕಿ ಇನ್ನೂ ಓದತಾಳ" ಎಂದಳು.

"ಮತ್ತ ನನಗ್ಯಾಕ ಹೇಳಲಿಲ್ಲ?" ಎಂದೆ. ಅವಳು ನಿನ್ನದೇ ಮಾತನ್ನು ಹೇಳಿದಳು: "'ಶೈಲಾಗ ಮಾತ್ರ ಗೊತ್ತಾಗಬಾರ್ದು. ಉಳದಾರೆಲ್ಲಾ ನನ್ನ ಮ್ಯಾಲ ಮರಗಲಿ, ಆಕಿ ಒಬ್ಬಾಕಿಯಾದ್ರೂ ನನ್ನ ಜೋಡಿ ಮೊದಲಿನಂಗ ಜಗಳಾ ಮಾಡ್ಲಿ' ಅಂದ್ಳು."

ನನಗೆ ನೋವಾಗಿದೆ, ಗುಲ್ನಾರ. ನಿನ್ನ ಕಷ್ಟವನ್ನು ಪರರಂತೆ ಮೂರನೆಯವರ ಬಾಯಲ್ಲಿ ಕೇಳಿದೆ. ಇದಕ್ಕೆ ನಿನ್ನನ್ನು ಸುಲಭಕ್ಕೆ ಬಿಡುವವಳಲ್ಲ ನಾನು.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆಯೇ ನಿನ್ನ ಕೊಡೆ ತೆಗೆದುಕೊಂಡು ಸವಣೂರಿಗೆ ಬರುತ್ತೇನೆ. ನಿನ್ನ ನಿಯಮ ಮುರಿದು, ತಂದವಳೇ ಕುಳಿತು ಈ ಪತ್ರವನ್ನು ಮೊದಲಿನಿಂದ ಕೊನೆಯತನಕ ನಿನಗೆ ಓದಿ ಹೇಳುತ್ತೇನೆ. ಬೈದಿರುವ ಕಡೆ ಒಂದು ಮಾತನ್ನೂ ಬಿಡುವುದಿಲ್ಲ, ದನಿಯನ್ನೂ ಇಳಿಸುವುದಿಲ್ಲ. ನೀನೂ ತಿರುಗಿ ಬೈ. ಆಮೇಲೆ ಗರುಡನನ್ನು ಓದೋಣ. ಅದು ಮಕ್ಕಳ ಪುಸ್ತಕವೇ ಎಂದು ನಾನು ಈಗಲೂ ಹೇಳುತ್ತೇನೆ.