ಶೇಂಗಾ ಬಿಡಿಸಲು ನಾನೂ ಹೋದೆ

ರೀ,

ನೀವು ಜಗಳೂರು ಸಂತೆಯಿಂದ ಬಂದಾಗ ನನ್ನನ್ನು ಹುಡುಕಾಡಬೇಡಿ. ಹಿಂದಿನ ಓಣಿಯ ಚೈತ್ರಶ್ರೀ ಮನೆಗೆ ಶೇಂಗಾ ಬಿಡಿಸಲು ಹೋಗಿದ್ದೇನೆ. ಕೀಮೋ ಮಾತ್ರೆ ತಿಂಡಿ ಆದಮೇಲೆ ನುಂಗಿದೆ. ಸಾರು ಒಲೆಯ ಮೇಲಿದೆ, ಮುದ್ದೆ ನೀವೇ ತಿರುವಿಕೊಳ್ಳಿ.

ಕರುಳಿನ ಕ್ಯಾನ್ಸರ್ ಲಿವರ್‌ಗೂ ಹಬ್ಬಿದೆ ಎಂದು ಡಾಕ್ಟರ್ ಹೇಳಿದ ದಿನದಿಂದ ನೀವು ನನ್ನನ್ನು ಹೊಸ್ತಿಲು ದಾಟಲು ಬಿಟ್ಟಿಲ್ಲ. ಆಪರೇಷನ್ ಆದಮೇಲೆ ಮಲ ಹೋಗಲು ಹೊಟ್ಟೆಗೆ ಅಂಟಿಸಿದ ಚೀಲಕ್ಕೆ ನಾಚಿ ನಾನೂ ದಾಟಲಿಲ್ಲ. ರೋಗಿಗಳು ಊರವರೊಡನೆ ಹೇಗೆ ಬೆರೆಯುತ್ತಾರೆ ಎಂಬ ಸಂಶೋಧನೆಗೆ ಬಂದ ಸಿಸ್ಟರ್, "ಔಷಧಿ ಜತೆಗೆ ಜನಾನೂ ಬೇಕಮ್ಮಾ" ಅಂದಿದ್ದು ನಿಮಗೂ ಕೇಳಿಸಿತ್ತಲ್ಲ?

ನಿಮಗೆ ಹೇಳದೆ ನಿನ್ನೆಯೂ ಹೋಗಿದ್ದೆ. ಎಲ್ಲರ ನಡುವೆ ಚೀಲ ಗುರ್ ಅಂತು. ಎದ್ದು ಬರಲು ಹೊರಟೆ. ಚೈತ್ರಶ್ರೀ, "ಕುಂದ್ರಕ್ಕಾ, ನಮ್ಮನೆಯವ್ರ ಗೊರಕೆ ಇದಕ್ಕಿಂತ ಜೋರೈತೆ" ಅಂದಳು. ಎಷ್ಟು ನಕ್ಕೆ ಗೊತ್ತಾ!

ಸಂಜೆ ಬೈಕ್ ತರಬೇಡಿ. ಹೆಂಗಸರೆಲ್ಲ ಮಾತಾಡಿಕೊಂಡು ನಡೆದೇ ಬರುತ್ತೇವೆ.

ಶೈಲಾ